ಒಂದು ರನ್ನಿಗೆ ಇಬ್ಬರು ವಾರಸುದಾರರು

ಹಿಂದಿನ ಸಂಚಿಕೆಯಲ್ಲಿ ಬೇಸ್‌ಬಾಲ್ ಕುರಿತ ಒಂದು ಪ್ರಶ್ನೆಗೆ ಚುಟುಕಾಗಿ ಉತ್ತರಿಸಿ, ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮುಗಿಯಲಿಲ್ಲ. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಸಂಗತಿಯನ್ನು ಕೇಳುತ್ತಿವೆ: ಅಮೆರಿಕದ ಮೇಜರ್ ಲೀಗ್‌ನ ಒಂದು ಋತುವಿನಲ್ಲಿ ತನ್ನ ತಂಡಕ್ಕೆ ಎಲ್ಲರಿಗಿಂತ ಹೆಚ್ಚು ರನ್ ತಂದುಕೊಟ್ಟ ಆಟಗಾರ ಯಾರೆಂದು ತೀರ್ಮಾನಿಸುವುದು ಹೇಗೆ? ಈ ಬಾರಿಯ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬೆಳಗಿನ ಜಾವ ಮೊಬೈಲಿನಲ್ಲಿ ಒಂದು ಪಂದ್ಯ ನೋಡುತ್ತಿದ್ದೆ. ಬ್ಯಾಟರ್ ಎತ್ತರಕ್ಕೆ ಹೊಡೆದ ಚೆಂಡನ್ನು ದೂರದಲ್ಲಿ ಹಿಡಿದರು, ಅವನು ಔಟಾದ. ಆದರೂ ಅವನ ಹೆಸರಿನ ಮುಂದೆ ಆರ್‌ಬಿಐ ಒಂದು ಎಂದು ತೋರಿಸಿದರು. ಮೂರನೇ ಬೇಸ್‌ನಿಂದ ಓಡಿಬಂದವನ ಹೆಸರಿನಲ್ಲೂ ರನ್ ಒಂದು ಎಂದು ಬರೆದರು. ತಂಡದ ಮೊತ್ತ ಏರಿದ್ದು ಮಾತ್ರ ಒಂದೇ. ಒಂದು ರನ್ ಇಬ್ಬರಿಗೆ ಹೇಗೆ ಸೇರುತ್ತದೆ?
ಓದುಗರು, ರಾಜಾಜಿನಗರ

ಉತ್ತರ: ಸೇರುತ್ತದೆ. ಈ ಆಟದ ಅಂಕಿಸಂಖ್ಯೆಯ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದೂ ಅಲ್ಲಿಂದಲೇ. ನಾವು ಕ್ರಿಕೆಟ್ ನೋಡಿ ಬೆಳೆದವರು. ಅಲ್ಲಿ ರನ್ನಿಗೆ ಒಬ್ಬನೇ ಒಡೆಯ. 2001ರಲ್ಲಿ ಕೋಲ್ಕತ್ತದಲ್ಲಿ ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ 376 ರನ್‌ಗಳ ಜೊತೆಯಾಟ ಆಡಿದಾಗ, ಲಕ್ಷ್ಮಣ್ ಗಳಿಸಿದ ಪ್ರತಿ ಒಂಟಿ ರನ್ನಿಗೂ ದ್ರಾವಿಡ್ ಅಷ್ಟೇ ದೂರ ಓಡಿದ್ದರು. ಆ ಓಟದ ಒಂದು ಕಾಸೂ ಅವರ ಖಾತೆಗೆ ಜಮೆಯಾಗಲಿಲ್ಲ. 2016ರ ಐಪಿಎಲ್‌ನಲ್ಲಿ ಕೊಹ್ಲಿ 973 ರನ್ ಗಳಿಸಿದರು ಎಂದರೆ ಅದರಲ್ಲಿ ಎರಡನೆಯ ಮಾತಿಲ್ಲ, ಎರಡನೆಯ ಹೆಸರೂ ಇಲ್ಲ.

ಬೇಸ್‌ಬಾಲ್‌ನಲ್ಲಿ ಒಬ್ಬ ಆಟಗಾರನಿಗೆ ಎರಡು ಖಾತೆಗಳಿವೆ. ಓಟಗಾರ ನಿಲ್ಲಬಹುದಾದ ತಾಣಗಳಾದ ಮೂರು ಬೇಸ್‌ಗಳನ್ನು ಮುಟ್ಟಿ ಹೋಮ್ ಪ್ಲೇಟ್‌ಗೆ, ಅಂದರೆ ಹೊರಟ ಮನೆಗೇ, ಮರಳಿದವನಿಗೆ ‘ರನ್’ ಸಿಗುತ್ತದೆ. ಅವನು ಮರಳುವಂತೆ ಚೆಂಡನ್ನು ಹೊಡೆದವನಿಗೆ ‘ಆರ್‌ಬಿಐ’, ಅಂದರೆ ಬ್ಯಾಟಿನಿಂದ ಒಳಗೆ ತಂದ ರನ್, ಸಿಗುತ್ತದೆ. ನೀವು ನೋಡಿದ್ದು ಸ್ಯಾಕ್ರಿಫೈಸ್ ಫ್ಲೈ. ಚೆಂಡನ್ನು ಹಿಡಿದ ಮೇಲೆ ಮೂರನೇ ಬೇಸ್‌ನಲ್ಲಿದ್ದವನು ಓಡಬಹುದು. ಹಿಡಿದವನ ಎಸೆತ ಬರುವುದರೊಳಗೆ ಅವನು ಮನೆ ಸೇರಿದರೆ, ಹೊಡೆದವನು ಔಟಾಗಿದ್ದರೂ ಆರ್‌ಬಿಐ ಅವನದೇ. ಬೇಸ್‌ಗಳೆಲ್ಲ ಭರ್ತಿಯಾಗಿರುವಾಗ ಚೆಂಡು ಎಸೆಯುವ ಪಿಚರ್ ನಾಲ್ಕು ಬಾರಿ ಗುರಿ ತಪ್ಪಿ ಎಸೆದರೆ, ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಒಬ್ಬ ಮನೆ ಸೇರುವುದರಿಂದ, ಬ್ಯಾಟ್ ಬೀಸದೆ ನಿಂತವನಿಗೂ ಒಂದು ಆರ್‌ಬಿಐ ದಕ್ಕುತ್ತದೆ. ಆದರೆ ನೆಲಕ್ಕೆ ಹೊಡೆದ ಚೆಂಡಿನಿಂದ ಎದುರಾಳಿಗಳು ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡಿದರೆ, ಆ ನಡುವೆ ರನ್ ಬಂದರೂ ಆರ್‌ಬಿಐ ಇಲ್ಲ. ಪಿಚರ್‌ನ ಅಡ್ಡಾದಿಡ್ಡಿ ಎಸೆತದಿಂದ ರನ್ ಬಂದರೂ ಇಲ್ಲ. ಆದ್ದರಿಂದ ಒಂದು ತಂಡದ ಆಟಗಾರರ ರನ್‌ಗಳನ್ನೆಲ್ಲ ಕೂಡಿಸಿದರೆ ತಂಡದ ಮೊತ್ತಕ್ಕೆ ಸರಿಯಾಗಿ ತಾಳೆಯಾಗುತ್ತದೆ. ಆರ್‌ಬಿಐಗಳನ್ನು ಕೂಡಿಸಿದರೆ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಬೀಳುತ್ತದೆ. ಈ ಎರಡನೆಯ ಖಾತೆಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1920ರಲ್ಲಿ.

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದು ನಿವೃತ್ತನಾದವನು. ಎರಡು ಖಾತೆಗಳಿದ್ದರೆ ಎರಡನ್ನೂ ಕೂಡಿಸಿ, ಯಾರ ಮೊತ್ತ ದೊಡ್ಡದೋ ಅವನೇ ಮೊದಲಿಗ ಎಂದರೆ ಆಯಿತಲ್ಲವೇ? ಇದಕ್ಕೆ ಇಷ್ಟೊಂದು ಚರ್ಚೆ ಏಕೆ?
ಓದುಗರು, ಬಸವನಗುಡಿ

ಉತ್ತರ: ಸ್ವಾಮಿ, ನಿಮ್ಮಂಥವರು ಕೇಳಬೇಕಾದ ಪ್ರಶ್ನೆಯೇ ಇದು, ಉತ್ತರವೂ ಲೆಡ್ಜರಿನ ಭಾಷೆಯಲ್ಲೇ ಇದೆ. ಹಾಗೆ ಕೂಡಿಸುವ ಹಳೆಯ ಪದ್ಧತಿಯೊಂದಿದೆ. ರನ್ ಮತ್ತು ಆರ್‌ಬಿಐಗಳನ್ನು ಕೂಡಿಸಿ, ಅದರಿಂದ ಹೋಮ್ ರನ್‌ಗಳನ್ನು ಕಳೆಯುತ್ತಾರೆ. ಕಳೆಯುವುದೇಕೆಂದರೆ, ಚೆಂಡನ್ನು ಬೇಲಿಯಾಚೆ ಅಟ್ಟಿದವನು ತನ್ನನ್ನು ತಾನೇ ಮನೆಗೆ ಕರೆತಂದಂತೆ; ಆ ಒಂದೇ ರನ್ ಅವನ ಎರಡೂ ಖಾತೆಗಳಲ್ಲಿ ನಮೂದಾಗಿರುತ್ತದೆ. ಒಂದೇ ಚೀಟಿಯನ್ನು ಎರಡು ಸಲ ಜಮಾ ಮಾಡಬಾರದೆಂಬುದು ಇಲ್ಲಿನ ತರ್ಕ.

ಈ ಲೆಕ್ಕದ ಪ್ರಕಾರ ಇಪ್ಪತ್ತನೆಯ ಶತಮಾನದಿಂದ ಈಚೆಗೆ ಕಾಣುವ ಅತಿ ದೊಡ್ಡ ಋತು ನ್ಯೂಯಾರ್ಕ್ ಯಾಂಕೀಸ್ ತಂಡದ ಲೂ ಗೆರಿಗ್ ಅವರ 1931. ಆ ವರ್ಷ ಅವರ ರನ್ 163, ಆರ್‌ಬಿಐ 185, ಹೋಮ್ ರನ್ 46. ಕೂಡಿ ಕಳೆದರೆ 302. ಅದರ ಹಿಂದಿನ ವರ್ಷ ಶಿಕಾಗೊ ಕಬ್ಸ್‌ನ ಹ್ಯಾಕ್ ವಿಲ್ಸನ್ 191 ಆರ್‌ಬಿಐ ಗಳಿಸಿ, ಇಂದಿಗೂ ಯಾರೂ ಮುಟ್ಟದ ದಾಖಲೆ ಮಾಡಿದ್ದರು. ಆದರೆ ಅವರ ರನ್ 146, ಹೋಮ್ ರನ್ 56. ಮೊತ್ತ 281ಕ್ಕೆ ನಿಲ್ಲುತ್ತದೆ. ಜಪಾನಿನ ವೃತ್ತಿಪರ ಲೀಗ್‌ನಲ್ಲಿ ಮಕೊತೊ ಕೊಜುರು 1950ರಲ್ಲಿ 161 ಆರ್‌ಬಿಐ, 143 ರನ್, 51 ಹೋಮ್ ರನ್ ಗಳಿಸಿದ್ದರು, ಅವರದು 253. ಅಲ್ಲಿನ ಆರ್‌ಬಿಐ ದಾಖಲೆ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಗೆರಿಗ್ ಮೊತ್ತ ಇನ್ನೂ ಎರಡು ಹೆಚ್ಚಾಗಬೇಕಿತ್ತು. 1931ರ ಏಪ್ರಿಲ್ 26ರಂದು ವಾಷಿಂಗ್ಟನ್‌ನಲ್ಲಿ ಅವರು ಹೊಡೆದ ಚೆಂಡು ಪ್ರೇಕ್ಷಕರ ಆಸನಗಳಿಗೆ ಬಡಿದು ಮೈದಾನಕ್ಕೆ ಪುಟಿದು ಬಂತು. ಎದುರಾಳಿಯೊಬ್ಬ ಅದನ್ನು ಹಿಡಿದ. ಬೇಸ್‌ನಲ್ಲಿದ್ದ ಲಿನ್ ಲ್ಯಾರಿ ಅದನ್ನು ಕ್ಯಾಚ್ ಎಂದು ಭಾವಿಸಿ, ಮೂರನೇ ಬೇಸ್ ದಾಟಿದ ಮೇಲೆ ಮನೆ ಮುಟ್ಟದೆ ತಂಡದ ಆಸನದತ್ತ ನಡೆದುಬಿಟ್ಟರು. ತಲೆ ತಗ್ಗಿಸಿ ಓಡುತ್ತಿದ್ದ ಗೆರಿಗ್‌ಗೆ ಇದು ಕಾಣಲಿಲ್ಲ. ಮುಂದಿನ ಓಟಗಾರನನ್ನು ದಾಟಿದ್ದಕ್ಕೆ ಅವರನ್ನು ಔಟ್ ಎಂದು ಘೋಷಿಸಿ, ಹೋಮ್ ರನ್ ಆಗಬೇಕಿದ್ದುದನ್ನು ಮೂರು ಬೇಸ್‌ಗಳ ಹೊಡೆತವೆಂದು ಬರೆದರು. ಋತುವಿನ ಕೊನೆಗೆ ಗೆರಿಗ್ ಮತ್ತು ಅವರದೇ ತಂಡದ ಬೇಬ್ ರೂತ್ ತಲಾ 46 ಹೋಮ್ ರನ್‌ಗಳೊಂದಿಗೆ ಸಮನಾಗಿ ನಿಂತರು.

ಈಗ ನಿಮ್ಮ ‘ಚರ್ಚೆ ಏಕೆ’ ಎಂಬ ಮಾತಿಗೆ ಬರುತ್ತೇನೆ. ಇಡೀ ತಂಡದ ಲೆಡ್ಜರನ್ನು ಒಮ್ಮೆ ತೆರೆದು ನೋಡಿ. ಒಬ್ಬನು ಎರಡು ಬೇಸ್‌ಗಳ ಹೊಡೆತ ಹೊಡೆದ. ಇನ್ನೊಬ್ಬನು ಅವನನ್ನು ಮನೆಗೆ ತಂದ. ತಂಡಕ್ಕೆ ಬಂದದ್ದು ಒಂದು ರನ್. ಆದರೆ ಈ ಸೂತ್ರ ಮೊದಲನೆಯವನಿಗೆ ಒಂದು, ಎರಡನೆಯವನಿಗೆ ಒಂದು, ಒಟ್ಟು ಎರಡನ್ನು ಹಂಚುತ್ತದೆ. ಮೂರನೆಯವನು ಬೇಸ್‌ನಲ್ಲಿ ಯಾರೂ ಇಲ್ಲದಾಗ ಹೋಮ್ ರನ್ ಹೊಡೆದ. ತಂಡಕ್ಕೆ ಬಂದದ್ದು ಒಂದೇ ರನ್. ಸೂತ್ರ ಹಂಚಿದ್ದೂ ಒಂದೇ. ಇಬ್ಬರು ಸೇರಿ ಮಾಡಿದ ಕೆಲಸಕ್ಕೆ ತಲೆಗೊಂದರಂತೆ ಪೂರ್ಣ ಕೂಲಿ, ಇಬ್ಬರ ಕೆಲಸವನ್ನು ಒಬ್ಬನೇ ಮಾಡಿದವನಿಗೆ ಒಬ್ಬನ ಕೂಲಿ! ಎರಡು ಸಲ ಜಮಾ ಆಗುವುದನ್ನು ತಡೆಯಲು ಹೊರಟ ಸೂತ್ರವು ಹೋಮ್ ರನ್ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಎರಡು ಸಲ ಜಮಾ ಮಾಡುತ್ತಿದೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ನ್ಯಾಯವಾದ ದಾರಿಯೆಂದರೆ ಪ್ರತಿ ರನ್ನನ್ನೂ ಅರ್ಧರ್ಧ ಹಂಚುವುದು, ಅಂದರೆ ರನ್ ಮತ್ತು ಆರ್‌ಬಿಐಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು. ಹೋಮ್ ರನ್ ಹೊಡೆದವನಿಗೆ ಎರಡೂ ಅರ್ಧಗಳು ಸೇರಿ ಒಂದು ಪೂರ್ತಿ ರನ್ ಬರುತ್ತದೆ. ತಂಡದ ಮೊತ್ತವನ್ನು ಮೀರಿ ಯಾರಿಗೂ ಏನನ್ನೂ ಹಂಚಿದಂತಾಗುವುದಿಲ್ಲ.

ಇದು ಬರೀ ಕೂದಲು ಸೀಳುವ ವಾದವಲ್ಲ. 2023ರ ಅಟ್ಲಾಂಟಾ ಬ್ರೇವ್ಸ್ ತಂಡವನ್ನು ನೋಡಿ. ಆ ತಂಡ 947 ರನ್ ಗಳಿಸಿತು. ಸರದಿಯಲ್ಲಿ ಮೊದಲಿಗನಾಗಿ ಬರುತ್ತಿದ್ದ ರೊನಾಲ್ಡ್ ಅಕುನ್ಯಾ 149 ರನ್ ಗಳಿಸಿ ಇಡೀ ಲೀಗ್‌ನಲ್ಲಿ ಮೊದಲಿಗರಾದರು. ಅದೇ ತಂಡದ ಮ್ಯಾಟ್ ಓಲ್ಸನ್ 139 ಆರ್‌ಬಿಐಗಳೊಂದಿಗೆ ಇನ್ನೊಂದು ಪಟ್ಟಿಯ ಮೊದಲಿಗರಾದರು. ಅಕುನ್ಯಾ ಅವರ ಆರ್‌ಬಿಐ 106, ಹೋಮ್ ರನ್ 41. ಓಲ್ಸನ್ ಅವರ ರನ್ 127, ಹೋಮ್ ರನ್ 54. ಹಳೆಯ ಸೂತ್ರದಲ್ಲಿ ಅಕುನ್ಯಾ 214, ಓಲ್ಸನ್ 212. ಅರ್ಧರ್ಧ ಹಂಚಿದರೆ ಓಲ್ಸನ್ 133, ಅಕುನ್ಯಾ 127.5. ಸ್ಥಾನ ಅದಲುಬದಲಾಯಿತು. 2024ರಲ್ಲೂ ಇದೇ ಕಥೆ: ಡಾಡ್ಜರ್ಸ್‌ನ ಶೊಹೆ ಒಹ್ತಾನಿ 134 ರನ್, 130 ಆರ್‌ಬಿಐ, 54 ಹೋಮ್ ರನ್, ಯಾಂಕೀಸ್‌ನ ಆರನ್ ಜಡ್ಜ್ 122 ರನ್, 144 ಆರ್‌ಬಿಐ, 58 ಹೋಮ್ ರನ್. ಸೂತ್ರದಲ್ಲಿ ಒಹ್ತಾನಿ 210, ಜಡ್ಜ್ 208. ಅರ್ಧರ್ಧದಲ್ಲಿ ಜಡ್ಜ್ 133, ಒಹ್ತಾನಿ 132. ಗೆರಿಗ್ ಮಾತ್ರ ಎರಡು ಲೆಕ್ಕಗಳಲ್ಲೂ ಇವರೆಲ್ಲರಿಗಿಂತ ಮೇಲೆಯೇ ಉಳಿಯುತ್ತಾರೆ. ಭಾಗಿಸಿದರೂ ಅವರದು 174. ಅವರ ಕಾಲದಲ್ಲಿ ಋತುವಿಗೆ 154 ಪಂದ್ಯಗಳು, ಈಗ 162.

ಪ್ರಶ್ನೆ: ಒಂದೇ ಹೊಡೆತಕ್ಕೆ ಹೆಚ್ಚೆಂದರೆ ಎಷ್ಟು ಆರ್‌ಬಿಐ? ಒಂದು ಪಂದ್ಯದಲ್ಲಿ?
ಶಾಲಾ ವಿದ್ಯಾರ್ಥಿ, ವಿಜಯನಗರ

ಉತ್ತರ: ಒಂದು ಹೊಡೆತಕ್ಕೆ ನಾಲ್ಕು, ಮೂರೂ ಬೇಸ್‌ಗಳಲ್ಲಿ ಆಟಗಾರರಿರುವಾಗ ಹೋಮ್ ರನ್ ಹೊಡೆದರೆ ಅದು ಗ್ರ್ಯಾಂಡ್ ಸ್ಲ್ಯಾಮ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಫರ್ನಾಂಡೊ ಟಾಟಿಸ್ 1999ರ ಏಪ್ರಿಲ್ 23ರಂದು ಒಂದೇ ಇನ್ನಿಂಗ್ಸ್‌ನಲ್ಲಿ, ಅದೂ ಒಬ್ಬನೇ ಪಿಚರ್‌ನ ಎದುರು, ಇಂಥ ಎರಡು ಹೊಡೆತ ಹೊಡೆದು ಎಂಟು ಆರ್‌ಬಿಐ ಗಳಿಸಿದರು. ಒಂದು ಪಂದ್ಯದ ದಾಖಲೆ 12. 1924ರಲ್ಲಿ ಜಿಮ್ ಬಾಟಮ್ಲಿ, 1993ರಲ್ಲಿ ಮಾರ್ಕ್ ವೈಟನ್. ಇಬ್ಬರೂ ಅದೇ ಕಾರ್ಡಿನಲ್ಸ್ ತಂಡದವರು.

ಪ್ರಶ್ನೆ: ಬ್ಯಾರಿ ಬಾಂಡ್ಸ್ 2001ರಲ್ಲಿ 73 ಹೋಮ್ ರನ್ ಹೊಡೆದು ದಾಖಲೆ ಮಾಡಿದರೂ ಆ ವರ್ಷದ ಆರ್‌ಬಿಐ ಪಟ್ಟಿಯಲ್ಲಿ ಮೊದಲಿಗರಾಗಲಿಲ್ಲ ಎಂದು ಓದಿದೆ. ಇದು ಹೇಗೆ ಸಾಧ್ಯ?
ಕಾಲೇಜು ವಿದ್ಯಾರ್ಥಿನಿ, ಜಯನಗರ

ಉತ್ತರ: ನೀವು ಓದಿದ್ದು ಸರಿ. ಆ ವರ್ಷ ಬಾಂಡ್ಸ್ ಅವರ ಆರ್‌ಬಿಐ 137. ಶಿಕಾಗೊ ಕಬ್ಸ್‌ನ ಸ್ಯಾಮಿ ಸೋಸಾ 64 ಹೋಮ್ ರನ್ ಹೊಡೆದು 160 ಗಳಿಸಿದರು. ಬಾಂಡ್ಸ್ ಅವರ 137ರಲ್ಲಿ 73 ಅವರೇ ಬೇಸ್ ಸುತ್ತಿ ಬಂದವು. ಬೇರೆಯವರನ್ನು ಮನೆಗೆ ತಂದದ್ದು 64 ಸಲ ಮಾತ್ರ. ಸೋಸಾ ಬೇರೆಯವರನ್ನು ತಂದದ್ದು 96 ಸಲ.

ಕಾರಣ ಕೌಶಲದ ಕೊರತೆಯಲ್ಲ, ಎದುರಾಳಿಗಳ ಭಯ. ಬೇಸ್‌ನಲ್ಲಿ ಓಟಗಾರರಿರುವಾಗ ಬಾಂಡ್ಸ್‌ಗೆ ಹೊಡೆಯಲು ಬರುವಂಥ ಚೆಂಡನ್ನು ಎಸೆಯುವ ಧೈರ್ಯ ಅನೇಕ ಪಿಚರ್‌ಗಳಿಗೆ ಇರಲಿಲ್ಲ. ಬೇಕೆಂದೇ ದೂರ ಎಸೆದು, ಅವರನ್ನು ಮೊದಲ ಬೇಸ್‌ಗೆ ಸುಮ್ಮನೆ ನಡೆಸಿಬಿಡುತ್ತಿದ್ದರು. ಬೇಕೆಂದಾಗಲಿ, ಗುರಿ ತಪ್ಪಿಯಾಗಲಿ, ಹೀಗೆ ಮೊದಲ ಬೇಸ್ ಸಿಕ್ಕರೆ ಅದಕ್ಕೆ ವಾಕ್ ಎನ್ನುತ್ತಾರೆ. 2001ರಲ್ಲಿ ಅವರಿಗೆ ಸಿಕ್ಕ ವಾಕ್‌ಗಳು ಒಟ್ಟು 177. 2004ರಲ್ಲಂತೂ ಮಿತಿಮೀರಿ 232 ವಾಕ್‌ಗಳಾದವು; ಅವುಗಳಲ್ಲಿ 120 ಉದ್ದೇಶಪೂರ್ವಕವೆಂದೇ ದಾಖಲಾಗಿವೆ. ಆ ವರ್ಷ 45 ಹೋಮ್ ರನ್ ಹೊಡೆದರೂ ಅವರ ಆರ್‌ಬಿಐ 101ಕ್ಕೆ ನಿಂತಿತು, ಆದರೆ ಆ ನಡಿಗೆಗಳ ನೆರವೂ ಸೇರಿ 129 ಬಾರಿ ಮನೆ ಸೇರಿದರು. ಊಟಕ್ಕೆ ಕರೆದು ಎಲೆಯ ಮುಂದೆ ಕೂರಿಸಿ ಬಡಿಸದೆ ಕಳಿಸಿದಂತೆ ಎಂದು ನನಗೆ ಅನ್ನಿಸುತ್ತಿತ್ತು.

2001ರ ಈ ಇಬ್ಬರನ್ನು ಮೇಲಿನ ಎರಡು ಲೆಕ್ಕಗಳಿಗೂ ಒಡ್ಡಿ ನೋಡಬಹುದು. ಬಾಂಡ್ಸ್ ರನ್ 129, ಸೋಸಾ ರನ್ 146. ಹಳೆಯ ಸೂತ್ರದಲ್ಲಿ ಸೋಸಾ 242, ಬಾಂಡ್ಸ್ 193, ಅಂತರ 49. ಅರ್ಧರ್ಧದಲ್ಲಿ ಸೋಸಾ 153, ಬಾಂಡ್ಸ್ 133, ಅಂತರ 20. ಅಂತರ ಕುಗ್ಗಿತು, ಆದರೆ ಅಳಿಯಲಿಲ್ಲ. ಆ ಋತುವಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಾಂಡ್ಸ್‌ಗೆ ಸಂದಿತು. ಅದನ್ನು ತಪ್ಪೆಂದು ನಾನು ಹೇಳಲಾರೆ. ಎರಡು ಖಾತೆಗಳಲ್ಲಿ ಯಾವುದೂ ಎದುರಾಳಿಯ ಭಯವನ್ನು ನಮೂದಿಸುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಓದಿ ಬಂದ ನನ್ನ ಮಗ ‘ಅಮ್ಮ, ಆರ್‌ಬಿಐ ಈಗ ಕೆಲಸಕ್ಕೆ ಬಾರದ ಅಂಕಿ, ಅದನ್ನು ಯಾರೂ ನೋಡುವುದಿಲ್ಲ’ ಎನ್ನುತ್ತಾನೆ. ಅವನ ಮಾತು ನಿಜವೇ?
ಓದುಗರು, ಮಲ್ಲೇಶ್ವರ

ಉತ್ತರ: ಅಮ್ಮಾ, ಮುಕ್ಕಾಲು ಪಾಲು ನಿಜ. ಆರ್‌ಬಿಐ ಗಳಿಸಲು ಮುಂದೆ ಬ್ಯಾಟ್ ಮಾಡಿದವರು ಬೇಸ್‌ನಲ್ಲಿ ಕಾದಿರಬೇಕು. ಸರದಿಯಲ್ಲಿ ನಾಲ್ಕನೆಯವನಿಗೆ ಆ ಭಾಗ್ಯ ಸಹಜವಾಗಿ ಒದಗುತ್ತದೆ, ಮೊದಲನೆಯವನಿಗೆ ಇಲ್ಲ. 1990ರಲ್ಲಿ ಸ್ಯಾನ್ ಡಿಯೇಗೊ ಪಾದ್ರೆಸ್‌ನ ಜೋ ಕಾರ್ಟರ್ ಅವರ ಬ್ಯಾಟಿಂಗ್ ಸರಾಸರಿ .232, ಎಂದರೆ ನೂರಕ್ಕೆ ಇಪ್ಪತ್ತಮೂರು ಬಾರಿ ಮಾತ್ರ ಹೊಡೆತ ಫಲಿಸಿತ್ತು. ಆದರೂ ಅವರ ಆರ್‌ಬಿಐ 115. ಅವರಿಗಿಂತ ಮೊದಲಿನ ಸರದಿಗಳಲ್ಲಿ ಟೋನಿ ಗ್ವಿನ್, ರೊಬೆರ್ಟೊ ಅಲೊಮಾರ್, ಜಾಕ್ ಕ್ಲಾರ್ಕ್ ಅವರಂಥವರು ಬೇಸ್ ಹಿಡಿದು ನಿಂತಿರುತ್ತಿದ್ದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ನೆನಪಾದರೆ ತಪ್ಪಿಲ್ಲ. ಇದಕ್ಕೆ ವಿರುದ್ಧವಾಗಿ, 2004ರಲ್ಲಿ ಸಿಯಾಟಲ್ ಮ್ಯಾರಿನರ್ಸ್‌ನ ಇಚಿರೊ 262 ಹಿಟ್‌ಗಳೊಂದಿಗೆ, ಅಂದರೆ ಫಲಿಸಿದ ಹೊಡೆತಗಳೊಂದಿಗೆ, ಒಂದು ಋತುವಿನ ದಾಖಲೆ ಸ್ಥಾಪಿಸಿದರು. ಸರದಿಯ ಮೊದಲಿಗರಾದ್ದರಿಂದ ಆರ್‌ಬಿಐ ಬರೀ 60; ಹಿಂದೆ ಬಂದವರು ಮನೆಗೆ ಕರೆಯದೆ ಬೇಸ್‌ನಲ್ಲೇ ಬಿಟ್ಟದ್ದರಿಂದ ರನ್ ಕೂಡ 101 ಅಷ್ಟೇ. ಆ ತಂಡ ಆ ವರ್ಷ 99 ಪಂದ್ಯಗಳನ್ನು ಸೋತಿತ್ತು.

ಗೆರಿಗ್ ಕೂಡ ಇದಕ್ಕೆ ಹೊರತಲ್ಲ. ಯಾಂಕೀಸ್ 1929ರಲ್ಲಿ ಅಂಗಿಗಳಿಗೆ ಸಂಖ್ಯೆ ಹಾಕಿದಾಗ ಬ್ಯಾಟಿಂಗ್ ಸರದಿಯನ್ನೇ ಅನುಸರಿಸಿದ್ದರಿಂದ ರೂತ್‌ಗೆ 3, ಗೆರಿಗ್‌ಗೆ 4 ಬಂತು. ಬೇಬ್ ರೂತ್ ಹಿಂದೆ ಬ್ಯಾಟ್ ಹಿಡಿದು ಬರುವವನಿಗೆ ಬೇಸ್‌ಗಳು ಖಾಲಿ ಸಿಗುವುದು ಕಷ್ಟ. 1931ರಲ್ಲಿ ಆ ತಂಡ ಗಳಿಸಿದ್ದು 1,067 ರನ್. ಆಧುನಿಕ ಕಾಲದಲ್ಲಿ ಅಷ್ಟು ರನ್ ಗಳಿಸಿದ ತಂಡ ಇನ್ನೊಂದಿಲ್ಲ. ಅಷ್ಟಾದರೂ ಅವರು ಲೀಗ್‌ನಲ್ಲಿ ಎರಡನೆಯವರಾದರು ಎಂಬುದು ಬೇರೆ ಮಾತು.

ನಿಮ್ಮ ಮಗನ ಪೀಳಿಗೆಯವರು ನೋಡುವ ಲೆಕ್ಕವೇ ಬೇರೆ. ಸಾವಿರಾರು ಪಂದ್ಯಗಳನ್ನು ಜಾಲಾಡಿ, ಪ್ರತಿಯೊಂದು ಬಗೆಯ ಹೊಡೆತ ಸರಾಸರಿ ಎಷ್ಟು ರನ್ ಬಾಳುತ್ತದೆ ಎಂದು ಬೆಲೆ ಕಟ್ಟಿದ್ದಾರೆ: ಹೋಮ್ ರನ್‌ಗೆ ಸುಮಾರು 1.4, ಒಂದು ಬೇಸ್‌ನ ಹೊಡೆತಕ್ಕೆ ಅರ್ಧಕ್ಕಿಂತ ತುಸು ಕಡಿಮೆ, ವಾಕ್‌ಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಬೇಸ್‌ನಲ್ಲಿ ಯಾರಿದ್ದರು, ಹಿಂದೆ ಯಾರು ಬಂದರು ಎಂಬುದನ್ನು ಕೈಬಿಟ್ಟು, ಈ ಬೆಲೆಗಳಿಂದಲೇ ಒಬ್ಬನ ವರ್ಷದ ದುಡಿಮೆಯನ್ನು ಅಳೆಯುತ್ತಾರೆ. ಮುಂದಿನ ವರ್ಷಕ್ಕೆ ಯಾರನ್ನು ಕೊಳ್ಳಬೇಕೆಂದು ತೀರ್ಮಾನಿಸುವ ತಂಡಕ್ಕೆ ಇದೇ ಸರಿಯಾದ ಅಳತೆ. ಆದರೆ ‘ಯಾರೂ ನೋಡುವುದಿಲ್ಲ’ ಎಂಬುದನ್ನು ನಾನು ಒಪ್ಪಲಾರೆ. ಹೊಸ ಅಳತೆ ಏನಾಗಬೇಕಿತ್ತು ಎಂಬುದನ್ನು ಹೇಳಿದರೆ ಹಳೆಯ ಖಾತೆ ಏನಾಯಿತು ಎಂಬುದನ್ನು ಹೇಳುತ್ತದೆ. ಕಾರ್ಟರ್ 115 ರನ್‌ಗಳನ್ನು ಮನೆಗೆ ತಂದದ್ದು ಸುಳ್ಳಲ್ಲ. ಅದೆಲ್ಲ ತನ್ನೊಬ್ಬನದೇ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಪ್ರಶ್ನೆ: ಚಿನ್ನಸ್ವಾಮಿ ಮೈದಾನದಲ್ಲಿ ರನ್ ಸುಲಭ ಎನ್ನುವಂತೆ ಅಲ್ಲಿಯೂ ಅಂಥ ಮೈದಾನವಿದೆಯೇ?
ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಇದೆ, ಡೆನ್ವರ್ ನಗರದ ಕೂರ್ಸ್ ಫೀಲ್ಡ್. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೆ ಡೆನ್ವರ್ ಸುಮಾರು 1,600 ಮೀಟರ್. ಗಾಳಿ ತೆಳುವಾದ್ದರಿಂದ ಹೊಡೆದ ಚೆಂಡು ದೂರ ಹಾರುತ್ತದೆ. ಪಿಚರ್‌ನ ಚೆಂಡು ಬೇರೆಡೆ ತಿರುಗುವಷ್ಟು ತಿರುಗುವುದಿಲ್ಲ. ಚಿನ್ನಸ್ವಾಮಿಗೂ ಅದಕ್ಕೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಬೌಂಡರಿ ಹತ್ತಿರ. ಅಲ್ಲಿ ಹೋಮ್ ರನ್ ತಡೆಯಲೆಂದು ಬೇಲಿಯನ್ನು ದೂರ ಕಟ್ಟಿದ್ದರಿಂದ ಮೈದಾನ ವಿಶಾಲವಾಗಿ, ಆ ಬಯಲಿನಲ್ಲಿ ಚೆಂಡು ಬೀಳಲು ಜಾಗ ಹೆಚ್ಚಾಯಿತು. ಒಂದು ತೂತು ಮುಚ್ಚಲು ಹೋಗಿ ಇನ್ನೊಂದು ತೆರೆದಂತೆ. ಅಲ್ಲಿನ ರಾಕೀಸ್ ತಂಡದ ಆಂಡ್ರೆಸ್ ಗಲರಾಗ 1996ರಲ್ಲಿ 150, ಟಾಡ್ ಹೆಲ್ಟನ್ 2000ದಲ್ಲಿ 147 ಆರ್‌ಬಿಐಗಳೊಂದಿಗೆ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಮೊದಲಿಗರಾದರು. 2002ರಿಂದ ಚೆಂಡುಗಳು ಒಣಗದಂತೆ ತೇವಾಂಶವಿರುವ ಕೋಣೆಯಲ್ಲಿಟ್ಟು ಆಟಕ್ಕೆ ತರುತ್ತಾರೆ.

ಪ್ರಶ್ನೆ: ಹ್ಯಾಕ್ ವಿಲ್ಸನ್ ದಾಖಲೆ ನನ್ನ ಬಳಿಯಿರುವ ಹಳೆಯ ಪುಸ್ತಕವೊಂದರಲ್ಲಿ 190 ಎಂದಿದೆ. ನೀವೂ ಬೇರೆಯವರೂ 191 ಎನ್ನುತ್ತೀರಿ. ಯಾವುದು ಸರಿ?
ಓದುಗರು, ಬಸವೇಶ್ವರನಗರ

ಉತ್ತರ: ಎರಡೂ ತಮ್ಮ ತಮ್ಮ ಕಾಲಕ್ಕೆ ಸರಿ. 1930ರ ಜುಲೈ 28ರಂದು ನಡೆದ ಪಂದ್ಯವೊಂದರಲ್ಲಿ ವಿಲ್ಸನ್‌ಗೆ ಸಲ್ಲಬೇಕಿದ್ದ ಒಂದು ಆರ್‌ಬಿಐಯನ್ನು ಲೆಕ್ಕ ಬರೆದವರು ಅದೇ ತಂಡದ ಚಾರ್ಲಿ ಗ್ರಿಮ್ ಹೆಸರಿಗೆ ಬರೆದಿದ್ದರು. ತಂಡದ ಮೊತ್ತ ತಾಳೆಯಾಗುತ್ತಿದ್ದುದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಹಳೆಯ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿದ ಇತಿಹಾಸಕಾರರು ಅದನ್ನು ಎತ್ತಿ ತೋರಿಸಿದ ಮೇಲೆ, 1999ರಲ್ಲಿ ಮೇಜರ್ ಲೀಗ್ ಆ ಒಂದನ್ನು ಗ್ರಿಮ್ ಖಾತೆಯಿಂದ ತೆಗೆದು ವಿಲ್ಸನ್ ಖಾತೆಗೆ ಜಮಾ ಮಾಡಿತು. ಅಷ್ಟರಲ್ಲಿ 69 ವರ್ಷಗಳಾಗಿದ್ದವು. ವಿಲ್ಸನ್ 1948ರಲ್ಲೇ ತೀರಿಕೊಂಡಿದ್ದರು. ನಿಮ್ಮ ಪುಸ್ತಕ ಅದಕ್ಕೆ ಮುಂಚಿನದಿರಬೇಕು.